ಹೂ ಬಿಟ್ಟೂ ಕಾಯಿ ಕಟ್ಟದ ಶಿಂದಳ ಮಾಕುಡಿ: ದೋಷ ಪತ್ತೆಯ ಕ್ರಮ

ಪುಣೆಯ ಒಂದು ಕಾಲೇಜಿನ ಹಿತ್ತಲಲ್ಲಿ ನಾನು ಹನ್ನೊಂದು ವರ್ಷಗಳಿಂದ ನೋಡಿಕೊಂಡು ಬಂದಿರುವ ಅಪರೂಪದ ಗಿಡಗಳ ಸಣ್ಣ ತೋಟವೊಂದಿದೆ. ಅಲ್ಲಿನ ಶಿಂದಳ ಮಾಕುಡಿಯ 42 ಕುಂಡಗಳು ಸತತ ನಾಲ್ಕು ಮಳೆಗಾಲ ಹೂ ಬಿಟ್ಟವು, ಆದರೆ ಒಂದೇ ಒಂದು ಕಾಯಿಯನ್ನೂ ಕಟ್ಟಲಿಲ್ಲ. ಎಲೆ ಹಸಿರಾಗಿತ್ತು, ಕಾಂಡ ಕೊಬ್ಬಿತ್ತು, ರೋಗದ ಸುಳಿವಿರಲಿಲ್ಲ. ನೋಡಲು ಬಂದವರೆಲ್ಲ ತೋಟ ಸೊಂಪಾಗಿದೆ ಎಂದೇ ಹೇಳಿ ಹೋಗುತ್ತಿದ್ದರು. ಈ ದೋಷದ ಬೇರು ಹುಡುಕುವಾಗ ನಾನು ಹಿಡಿದ ದಾರಿಯನ್ನೂ, ಹಿಡಿಯಬೇಕಾಗಿದ್ದ ದಾರಿಯನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಇವೆರಡೂ ಒಂದೇ ಆಗಿರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಮುಂಬೈ, ಪುಣೆ, ಗೋವೆಗಳಲ್ಲಿ ಕುಂಡಗಳಲ್ಲೋ ಬೇಲಿ ಹಾಕಿದ ತುಂಡು ಜಾಗದಲ್ಲೋ ಇಂಥ ಗಿಡಗಳನ್ನು ಕಾಪಾಡುತ್ತಿರುವವರಿಗೆ ಇದೇ ಕ್ರಮ ಬೇರೆ ಜಾತಿಗಳಿಗೂ ಹೊಂದುತ್ತದೆ.

ಗಿಡದ ಪರಿಚಯ ಎರಡು ಮಾತಿನಲ್ಲಿ ಆಗಲಿ. ಶಿಂದಳ ಮಾಕುಡಿ ಎಂಬುದು ಮರಾಠಿಯ ಹೆಸರು. ಸಸ್ಯಶಾಸ್ತ್ರಜ್ಞ ಡಾಲ್ಜೆಲ್ 1865ರಲ್ಲಿ ಇದನ್ನು ವರ್ಣಿಸಿ, ಆಗ ಮುಂಬೈ ಪ್ರಾಂತದ ಗವರ್ನರ್ ಆಗಿದ್ದ ಬಾರ್ಟಲ್ ಫ್ರಿಯರ್ ನೆನಪಿಗೆ ಫ್ರೀರಿಯಾ ಇಂಡಿಕಾ ಎಂದು ಕರೆದನು. ಈಚಿನ ವರ್ಗೀಕರಣದಲ್ಲಿ ಅದು ಬೇರೆ ಕುಲಕ್ಕೆ ಸೇರಿಹೋಗಿದ್ದರೂ ತೋಟದವರ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ. ಎಕ್ಕದ ಬಳಗದ ಈ ಗಿಡ ಜುನ್ನರದ ಶಿವನೇರಿ, ಪುರಂದರ, ಸಾತಾರದ ಸಜ್ಜನಗಡದಂಥ ಕೋಟೆಬೆಟ್ಟಗಳ ಕಡಿದಾದ ಬಂಡೆಗಳ ಮೇಲೆ ಚದುರಿದ ಸಣ್ಣ ಗುಂಪುಗಳಲ್ಲಿ ಬದುಕುತ್ತದೆ. ನಕ್ಷತ್ರದಾಕಾರದ ಹೂ ಕಡುಗೆಂಪು. ಅದರ ಮೇಲೆ ಹಳದಿ ಚುಕ್ಕೆಗಳು. ಕಡ್ಡಿ ಮುರಿದು ಮಣ್ಣಿಗೆ ಸಿಕ್ಕಿಸಿದರೆ ಸಾಕು, ಬೇರು ಬಿಡುತ್ತದೆ. ನಮ್ಮ ತೊಂದರೆಯ ಮೂಲ ಗಿಡದ ಈ ಒಳ್ಳೆಯ ಗುಣದಲ್ಲೇ ಇತ್ತು.

ದೋಷ ಯಾವ ಹಂತದ್ದು

"ಗಿಡ ಹೆಚ್ಚುತ್ತಿಲ್ಲ" ಎಂಬ ದೂರಿನಿಂದ ಏನೂ ತಿಳಿಯುವುದಿಲ್ಲ. ಮೊಗ್ಗೇ ಬರುತ್ತಿಲ್ಲವೇ, ಹೂ ಬಂದು ಕಾಯಿ ನಿಲ್ಲುತ್ತಿಲ್ಲವೇ, ಕಾಯಿ ನಿಂತು ಒಳಗೆ ಬೀಜ ಜೊಳ್ಳಾಗಿದೆಯೇ, ಬೀಜ ಗಟ್ಟಿಯಾಗಿದ್ದೂ ಮೊಳೆಯುತ್ತಿಲ್ಲವೇ, ಮೊಳೆತ ಸಸಿ ಎರಡೆಲೆಯಲ್ಲೇ ಕರಗುತ್ತಿದೆಯೇ ಎಂಬುದನ್ನು ಒಂದು ಹಂಗಾಮು ಪೂರ್ತಿ ಎಣಿಸಿ ಬರೆದುಕೊಂಡ ಮೇಲೆಯೇ ಮುಂದುವರಿಯಬೇಕು. ಮೊಗ್ಗೇ ಬಾರದಿದ್ದರೆ ಬಿಸಿಲು, ನೀರು, ಮಣ್ಣನ್ನು ನೋಡಿ. ಅದು ಈ ಬರಹದ ವ್ಯಾಪ್ತಿಗೆ ಬರುವುದಿಲ್ಲ. ಹೂವಿನಿಂದ ಕಾಯಿಯ ನಡುವೆ ಸರಪಳಿ ತುಂಡಾಗಿದ್ದರೆ ಸಂಗಾತಿಯ ಕೊರತೆಯನ್ನೂ, ಬೀಜದಿಂದ ಸಸಿಯ ನಡುವೆ ತುಂಡಾಗಿದ್ದರೆ ಹತ್ತಿರದ ರಕ್ತಸಂಬಂಧವನ್ನೂ ಮೊದಲು ಶಂಕಿಸುವುದು ಒಳಿತು. ಒಂದು ಎಚ್ಚರಿಕೆ ಇದೆ: ಎಕ್ಕದ ಬಳಗದಲ್ಲಿ ಎಲ್ಲ ಸರಿಯಿದ್ದಾಗಲೂ ನೂರು ಹೂಗಳಿಗೆ ಬೆರಳೆಣಿಕೆಯಷ್ಟೇ ಕಾಯಿ ನಿಲ್ಲುತ್ತದೆ. ಹತ್ತು ಹೂ ನೋಡಿ ದೋಷವಿದೆ ಎಂದು ಕೂಗಬಾರದು.

ಕುಂಡ ಎಣಿಸುವ ಮೊದಲು ತಾಯಿಗಳನ್ನು ಎಣಿಸಿ

ಇದು ಖರ್ಚಿಲ್ಲದ ಪರೀಕ್ಷೆ. ಆದ್ದರಿಂದಲೇ ನಾನು ಇದನ್ನು ಕೊನೆಗೆ ಮಾಡಿದೆ. ಎರಡು ವರ್ಷ ಗೊಬ್ಬರ ಬದಲಾಯಿಸಿದೆ, ಒಂದು ವರ್ಷ ನೊಣಗಳನ್ನು ಕರೆಯಲು ಕುಂಡಗಳ ನಡುವೆ ಒಣಮೀನಿನ ಚೂರುಗಳನ್ನು ಇಟ್ಟು ಪಕ್ಕದ ಕಟ್ಟಡದವರಿಂದ ಬೈಸಿಕೊಂಡೆ. ಕೊನೆಗೊಂದು ಬೆಳಗ್ಗೆ, ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಬಂದು ಪುಣೆಯಲ್ಲೇ ನೆಲೆಸಿರುವ ನಮ್ಮ ಮಾಲಿ ಕಾಕಾ ನೀರು ಹಾಕುತ್ತಿದ್ದಾಗ, ಇವೆಲ್ಲ ಒಂದೇ ತಾಯಿಯ ಮಕ್ಕಳೇ ಎಂದು ಕೇಳಿದೆ. ಅವರು ಪೈಪು ಬದಿಗಿಟ್ಟು ಹೇಳಿದರು: "ಮಕ್ಕಳಲ್ರೀ ಅಕ್ಕಾರ, ಇದು ಒಂದ ತಾಯಿನ ರೀ. ಆ ಮೂಲ್ಯಾನ ಕುಂಡದಾಗಿಂದ ಕಡ್ಡಿ ಮುರದು ಮುರದು ನಾನ ಹಚ್ಚೀನಿ." ದಾಖಲೆ ಪುಸ್ತಕವನ್ನು ಹಿಂದಕ್ಕೆ ತಿರುವಿದಾಗ ಮೊದಲ ಪುಟದಲ್ಲಿ "ಶಿವನೇರಿ, ಗಿಡ ಒಂದು" ಎಂಬ ನಮೂದು ಸಿಕ್ಕಿತು. ಆನಂತರದ ಯಾವ ಪುಟದಲ್ಲೂ ಹೊಸ ಗಿಡ ಬಂದ ದಾಖಲೆ ಇರಲಿಲ್ಲ.

ಕಡ್ಡಿಯಿಂದ ಬೆಳೆದ ಗಿಡಕ್ಕೂ ಅದರ ಮೂಲಕ್ಕೂ ವಂಶವಾಹಿಗಳ ದೃಷ್ಟಿಯಿಂದ ವ್ಯತ್ಯಾಸವಿಲ್ಲ. ನಮ್ಮ 42 ಕುಂಡಗಳು ಲೆಕ್ಕದಲ್ಲಿ ಒಂದೇ ಗಿಡ; ಒಂದರ ಪರಾಗ ಇನ್ನೊಂದರ ಮೇಲೆ ಬಿದ್ದರೂ ಅದು ಸ್ವಕೀಯ ಪರಾಗಸ್ಪರ್ಶವೇ. ಈ ದೋಷದ ಕಟ್ಟಕಡೆಯ ರೂಪ ದಕ್ಷಿಣ ಆಫ್ರಿಕದ ವುಡ್ ಸೈಕಾಡ್ ಎಂಬ, ತಾಳೆಯಂತೆ ಕಾಣುವ ಗಿಡದ್ದು. 1895ರಲ್ಲಿ ನತಾಲಿನ ಙೋಯೆ ಕಾಡಿನಲ್ಲಿ ಜಾನ್ ಮೆಡ್ಲಿ ವುಡ್ ಕಂಡದ್ದು ಒಂದೇ ಒಂದು ಗಂಡು ಗಿಡದ ಗುಂಪು. ಇಂದು ಜಗತ್ತಿನ ಸಸ್ಯೋದ್ಯಾನಗಳಲ್ಲಿರುವ ಅದರ ಗಿಡಗಳೆಲ್ಲ ಆ ಒಂದರ ಮರಿಗಳು. ಹೆಣ್ಣು ಈವರೆಗೆ ಸಿಕ್ಕಿಲ್ಲ. ಗಂಡು ಹೆಣ್ಣು ಬೇರೆ ಬೇರೆಯಾಗಿರುವ ಜಾತಿಗಳಲ್ಲಿ ತಾಯಿಗಳ ಜೊತೆಗೆ ಲಿಂಗವನ್ನೂ ಎಣಿಸಲೇಬೇಕು. ಗೋವೆಯ ಸತ್ತರಿ ತಾಲ್ಲೂಕಿನ ಬಂಬರದಲ್ಲಿ, ನಿರಂಕಾರಾಚಿ ರಾಯಿ ಎಂಬ ದೇವರಕಾಡಿನ ಜೌಗಿನಲ್ಲಿ ಬೆಳೆಯುವ ಕಾಡುಜಾಯಿಕಾಯಿ ಮರಗಳು ಇಂಥವು. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಎಲ್ಲೋ ಒಂದು ತೋಪಿನಲ್ಲಿ 18 ಹೆಣ್ಣು, 2 ಗಂಡು ಮರಗಳಿದ್ದರೆ, ಗಂಡು ಹೆಣ್ಣುಗಳ ಸಂಖ್ಯೆಯ ಗುಣಲಬ್ಧವನ್ನು ನಾಲ್ಕರಿಂದ ಗುಣಿಸಿ ಒಟ್ಟು ಸಂಖ್ಯೆಯಿಂದ ಭಾಗಿಸಿದಾಗ ಬರುವ ಪರಿಣಾಮಕಾರಿ ಸಂಖ್ಯೆ, ಅಂದರೆ ಮುಂದಿನ ಪೀಳಿಗೆಯ ವೈವಿಧ್ಯದ ದೃಷ್ಟಿಯಿಂದ ಗುಂಪು ಎಷ್ಟು ಗಿಡಗಳಿಗೆ ಸಮ ಎಂಬುದು, 7.2. ಕಣ್ಣಿಗೆ ಇಪ್ಪತ್ತು ಮರ, ವಂಶದ ಲೆಕ್ಕಕ್ಕೆ ಏಳು.

ನೊಣ ಬರುತ್ತಿದೆಯೇ

ತಾಯಿ ಒಂದೇ ಎಂದು ಗೊತ್ತಾದ ಮೇಲೂ ಉಳಿದ ಶಂಕೆಗಳನ್ನು ತೆಗೆದುಹಾಕಬೇಕು, ಏಕೆಂದರೆ ಒಂದು ತೋಟದಲ್ಲಿ ಎರಡು ದೋಷಗಳು ಒಟ್ಟಿಗೇ ಇರಬಹುದು. ಎಕ್ಕದ ಬಳಗದ ಹೂಗಳಲ್ಲಿ ಪರಾಗ ಪುಡಿಯಾಗಿರುವುದಿಲ್ಲ; ಎರಡು ಹಳದಿ ಗಂಟುಗಳು ಒಂದು ಕಪ್ಪು ಕೊಂಡಿಗೆ ಜೋತುಕೊಂಡಿರುತ್ತವೆ. ಹೂವಿನ ನಡುವಿನ ಐದು ಮೂಲೆಯ ತಲೆಯಲ್ಲಿ ಇಂಥ ಐದು ಜೋಡಿಗಳು. ಕೀಟದ ಕಾಲಿಗೋ ಬಾಯಿಗೋ ಕೊಂಡಿ ಸಿಕ್ಕಿಕೊಂಡು ಜೋಡಿ ಹೊರಬರುತ್ತದೆ. ಮುಂದಿನ ಹೂವಿನ ಸೀಳಿನಲ್ಲಿ ಗಂಟು ಸಿಕ್ಕಿ ಉಳಿಯುತ್ತದೆ. ಶಿಂದಳ ಮಾಕುಡಿಯಲ್ಲಿ ಈ ಕೆಲಸ ನೊಣಗಳದು.

ಈ ಏರ್ಪಾಡಿನಿಂದ ದೋಷ ಹುಡುಕುವವರಿಗೆ ಒಂದು ದೊಡ್ಡ ಅನುಕೂಲವಿದೆ: ನೊಣ ಬಂದು ಹೋದದ್ದಕ್ಕೆ ಹೂವಿನಲ್ಲೇ ಲೆಕ್ಕ ಉಳಿದಿರುತ್ತದೆ. ಬಾಡಲು ಬಂದ ಇಪ್ಪತ್ತು ಹೂಗಳನ್ನು ಕಿತ್ತು, ಹತ್ತು ಪಟ್ಟು ಹಿಗ್ಗಿಸುವ ಮಸೂರದ ಕೆಳಗೆ ಚುಕ್ಕೆಗಳಂತೆ ಕಾಣುವ ಆ ಕಪ್ಪು ಕೊಂಡಿಗಳನ್ನು ಎಣಿಸಿ. ನೂರಕ್ಕೆ ನೂರೂ ಇದ್ದಲ್ಲೇ ಇದ್ದರೆ ಕೀಟವೇ ಬಂದಿಲ್ಲ; ಸೊಳ್ಳೆಪರದೆಯನ್ನೋ ವಾರ ವಾರ ಹೊಡೆಯುವ ಬೇವಿನೆಣ್ಣೆಯನ್ನೋ ಮೊದಲು ನಿಲ್ಲಿಸಬೇಕು. ಕೆಲವು ಚುಕ್ಕೆಗಳು ಮಾಯವಾಗಿದ್ದು, ಸೀಳುಗಳಲ್ಲಿ ಹೊರಗಿನ ಗಂಟುಗಳು ಸಿಕ್ಕಿಕೊಂಡಿದ್ದರೆ ನೊಣ ತನ್ನ ಪಾಲಿನ ಕೆಲಸ ಮಾಡಿದೆ. ನಮ್ಮಲ್ಲಿ ಮೂರನೆಯ ಒಂದರಷ್ಟು ಜೋಡಿಗಳು ಹೋಗಿದ್ದವು. ಒಣಮೀನಿನ ಅಗತ್ಯವೇ ಇರಲಿಲ್ಲ.

ಪರಾಗಕ್ಕೆ ಜೀವವಿದೆಯೇ

ಇದಕ್ಕೆ ಹೆಚ್ಚು ಹೊತ್ತು ಬೇಡ. ಒಂದು ಲೀಟರ್ ನೀರಿಗೆ 100 ಗ್ರಾಂ ಸಕ್ಕರೆ, 0.1 ಗ್ರಾಂ ಬೋರಿಕ್ ಆಸಿಡ್, 0.3 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, 0.2 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 0.1 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಬೆರೆಸಿದ ದ್ರಾವಣವನ್ನು ಬ್ರೂಬೇಕರ್ ಮತ್ತು ಕ್ವಾಕ್ 1963ರಲ್ಲಿ ಕೊಟ್ಟರು. ಇಂದಿಗೂ ಅದೇ ನಡೆಯುತ್ತದೆ. ಗಾಜಿನ ಮೇಲಿನ ಒಂದು ಹನಿಯಲ್ಲಿ ಗಂಟನ್ನು ಮುಳುಗಿಸಿ, ತೇವ ಆರದಂತೆ ಮುಚ್ಚಿ, ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಚಿನಿಂದ ಪರಾಗನಾಳಗಳು ಎಳೆ ಎಳೆಯಾಗಿ ಹೊರಟಿರಬೇಕು. ಬೋರಿಕ್ ಆಸಿಡ್ ಬದಲು ಕೇರಂ ಪುಡಿ ಹಾಕಿ ನೋಡುವ ಜಾಣತನ ಬೇಡ. ಆ ಡಬ್ಬಿಯಲ್ಲಿ ಏನಿದೆ ಎಂಬುದಕ್ಕೆ ಖಾತರಿಯಿಲ್ಲ.

ಕೈಯಿಂದ ಪರಾಗಸ್ಪರ್ಶ: ಮುಖ್ಯ ಪರೀಕ್ಷೆ

ಇಡೀ ಪತ್ತೇದಾರಿಕೆ ನಿಲ್ಲುವುದು ಇದರ ಮೇಲೆ. ಹೂಗಳನ್ನು ಐದು ಪಾಲು ಮಾಡಬೇಕು. ಮೊದಲನೆಯದು ಜಾಳಿಗೆ ಚೀಲ ಕಟ್ಟಿ ಮುಟ್ಟದೆ ಬಿಟ್ಟದ್ದು. ಎರಡನೆಯದು ಅದೇ ಕುಂಡದ ಪರಾಗ ಕೊಟ್ಟದ್ದು. ಮೂರನೆಯದು ಅದೇ ತೋಟದ ಬೇರೆ ಕುಂಡದ್ದು. ನಾಲ್ಕನೆಯದು ದೂರದ ಬೇರೆ ಮೂಲದ ಗಿಡದ್ದು. ಐದನೆಯದು ಚೀಲವಿಲ್ಲದೆ ನೊಣಗಳಿಗೆ ಬಿಟ್ಟದ್ದು. ನಾಲ್ಕನೆಯ ಪಾಲಿಲ್ಲದ ಪರೀಕ್ಷೆ ಪರೀಕ್ಷೆಯೇ ಅಲ್ಲ, ಏಕೆಂದರೆ ಕಾಯಿ ಕಟ್ಟುವ ಶಕ್ತಿ ಗಿಡಕ್ಕೆ ಇದೆ ಎಂಬುದನ್ನು ತೋರಿಸುವುದು ಅದೊಂದೇ. ನಮಗೆ ಇನ್ನೊಂದು ತೋಟದವರು ಪುರಂದರ ಮೂಲದ ಎರಡು, ಸಜ್ಜನಗಡ ಮೂಲದ ಒಂದು ಗಿಡವನ್ನು ದಾಖಲೆ ಸಹಿತ ಕೊಟ್ಟರು.

ಕೈ ಪಳಗದವರು ಅಪರೂಪದ ಗಿಡದ ಮೇಲೆ ನೇರವಾಗಿ ಸೂಜಿ ಆಡಿಸಬಾರದು. ಮೊದಲು ಎಕ್ಕದ ಹೂವಿನ ಮೇಲೆ ಅಭ್ಯಾಸ ಮಾಡಿ. ಪುಣೆಯಲ್ಲಿ ಅದನ್ನು ರುಯಿ ಎನ್ನುತ್ತಾರೆ. ಪಾಳು ನಿವೇಶನಗಳಲ್ಲಿ ಬೇಕಾದಷ್ಟು ಬೆಳೆದಿರುತ್ತದೆ, ಶನಿವಾರ ಮಾರುತಿ ಗುಡಿಯ ಮುಂದೆ ಅದರ ಎಲೆಯ ಹಾರ ಮಾರುತ್ತಾರೆ. ಹೂವಿನ ನಡುತಲೆಯ ಮೂಲೆಯಲ್ಲಿರುವ ಕಪ್ಪು ಚುಕ್ಕೆಗೆ ಸೂಜಿಯ ಮೊನೆ ತಾಗಿಸಿ ಮೇಲಕ್ಕೆತ್ತಿದರೆ, ತಕ್ಕಡಿಯ ಎರಡು ತಟ್ಟೆಗಳ ಹಾಗೆ ಎರಡು ಹಳದಿ ಗಂಟುಗಳು ತೂಗಾಡುತ್ತ ಬರುತ್ತವೆ. ಅದೇ ಚುಕ್ಕೆಯ ನೇರ ಕೆಳಗೆ ಕೂದಲೆಳೆಯಷ್ಟು ಸೀಳಿದೆ. ಶಿಂದಳ ಮಾಕುಡಿಯಲ್ಲಿ ಇದೆಲ್ಲ ಕೆಲವೇ ಮಿಲಿಮೀಟರಿನೊಳಗೆ ನಡೆಯುವುದರಿಂದ ತಲೆಗೆ ಕಟ್ಟಿಕೊಳ್ಳುವ ಮಸೂರ ಬೇಕಾಗುತ್ತದೆ. ಗಂಟಿನ ಒಂದು ಅಂಚು ತೆಳ್ಳಗೆ ಪಾರದರ್ಶಕವಾಗಿ ಹೊಳೆಯುತ್ತದೆ. ಪರಾಗನಾಳ ಹೊರಡುವುದು ಅಲ್ಲಿಂದಲೇ, ಆದ್ದರಿಂದ ಆ ಅಂಚು ಸೀಳಿನ ಒಳಮುಖಕ್ಕೆ ಹೋಗಬೇಕು. ತಿರುಗುಮುರುಗಾದರೆ ಒಳ್ಳೆಯ ಜೋಡಿಯೂ ಕಾಯಿ ಕಟ್ಟದೆ ಸುಳ್ಳು ಫಲಿತಾಂಶ ಬರುತ್ತದೆ. ಮುಟ್ಟುವ ಹೂವಿನ ಸ್ವಂತ ಐದು ಜೋಡಿಗಳನ್ನು ಮೊದಲೇ ಕಿತ್ತು ಹಾಕಿ. ಕೆಲಸ ಮುಗಿದ ಹೂವಿಗೆ ಬಣ್ಣದ ದಾರ ಕಟ್ಟಿ, ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿ ಪುಣೆಯ ಒಂದು ಮಳೆಗೂ ನಿಲ್ಲುವುದಿಲ್ಲ.

ಎಷ್ಟು ಹೂ ಬೇಕು ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದೂ ಕಾಯಿ ಬರದಿದ್ದಾಗ, ಮೂರನ್ನು ಹೂಗಳ ಸಂಖ್ಯೆಯಿಂದ ಭಾಗಿಸಿದರೆ ನಿಜವಾದ ಪ್ರಮಾಣ ಎಷ್ಟರವರೆಗೆ ಇದ್ದಿರಬಹುದು ಎಂಬುದರ ಅಂದಾಜು ಸಿಗುತ್ತದೆ. ಹತ್ತು ಹೂಗಳಲ್ಲಿ ಸೊನ್ನೆ ಬಂದರೆ ನಿಜ ಪ್ರಮಾಣ ಸುಮಾರು ಶೇ. 30ರವರೆಗೂ ಇರಬಹುದು; 60 ಹೂಗಳಲ್ಲಿ ಸೊನ್ನೆ ಬಂದರೆ ಆ ಮಿತಿ ಶೇ. 5ಕ್ಕೆ ಇಳಿಯುತ್ತದೆ. ಒಂದೇ ಹಂಗಾಮಿನಲ್ಲಿ ಅಷ್ಟು ಹೂ ಸಿಗದಿದ್ದರೆ ಎರಡು ಹಂಗಾಮು ಕಾಯಬೇಕು.

ಫಲಿತಾಂಶ ಓದುವ ಬಗೆ

ಕೈಯಿಂದ ಕೊಟ್ಟ ಪರಾಗಕ್ಕೆಲ್ಲ ಕಾಯಿ ನಿಂತು, ನೊಣಗಳಿಗೆ ಬಿಟ್ಟ ಹೂಗಳಲ್ಲಿ ಮಾತ್ರ ನಿಲ್ಲದಿದ್ದರೆ ದೋಷ ಪರಾಗವಾಹಕರದು. ದೂರದ ಪರಾಗವೂ ಸೇರಿ ಎಲ್ಲ ಪಾಲೂ ಸೊನ್ನೆಯಾದರೆ ನಿಮ್ಮ ಕೈಚಳಕವನ್ನೋ ಗಿಡದ ಪೋಷಣೆಯನ್ನೋ ಶಂಕಿಸಿ. ಎರಡು ಮೂಲಗಳ ವರ್ಣತಂತುಗಳ ಸಂಖ್ಯೆಯೇ ಬೇರೆಯಾಗಿರುವ ಸಾಧ್ಯತೆಯೂ ಉಂಟು. ನಮಗೆ ಬಂದದ್ದು ಮೂರನೆಯ ಬಗೆ: ನಮ್ಮ ಕುಂಡಗಳ ನಡುವೆ ಎರಡು ಹಂಗಾಮುಗಳಲ್ಲೂ ಸೊನ್ನೆ, ಹೊರಗಿನ ಪರಾಗ ಕೊಟ್ಟ 24 ಹೂಗಳಲ್ಲಿ ಐದು ಕಾಯಿ. ನಮ್ಮ ಆ ಒಂದು ಗಿಡ ತನ್ನ ಪರಾಗವನ್ನು ತಾನೇ ಒಪ್ಪುತ್ತಿರಲಿಲ್ಲ ಎಂದು ಇದರಿಂದ ಹೇಳಬಹುದು. ಒಂದು ಗಿಡ ನೋಡಿ ಇಡೀ ಜಾತಿಗೆ ತೀರ್ಪು ಕೊಡುವಂತಿಲ್ಲ.

ಗಿಡ ತನ್ನ ಪರಾಗವನ್ನು ತಾನೇ ಒಪ್ಪದಿರುವುದನ್ನು ಸ್ವವಂಧ್ಯತೆ ಎನ್ನುತ್ತಾರೆ. ಅನೇಕ ಜಾತಿಗಳಲ್ಲಿ ಇದರ ಹಿಂದೆ, ಹಲವು ರೂಪಗಳಿರುವ ಒಂದು ವಂಶವಾಹಿ ತಾಣವಿರುತ್ತದೆ. ಬದನೆಯ ಬಳಗದ ಕಾಡುಜಾತಿಗಳಲ್ಲಿ ಪರಾಗ ಹೊತ್ತ ರೂಪ ತಾಯಿಯ ಎರಡು ರೂಪಗಳಲ್ಲಿ ಒಂದರೊಂದಿಗೆ ತಾಳೆಯಾದರೂ ಪರಾಗನಾಳ ಶಲಾಕೆಯಲ್ಲೇ, ಅಂದರೆ ಅಂಡಾಶಯಕ್ಕೆ ಇಳಿಯುವ ಕೊಳವೆಯಲ್ಲೇ, ನಿಂತುಹೋಗುತ್ತದೆ. ಸಗೋತ್ರ ವಿವಾಹಕ್ಕೆ ಒಪ್ಪದ ಮನೆತನದ ಹಾಗೆ. ಇಂಥ ಜಾತಿಯ ಗುಂಪಿನಲ್ಲಿ ಕನಿಷ್ಠ ಮೂರು ರೂಪಗಳು ಉಳಿಯದಿದ್ದರೆ ಒಂದು ಮದುವೆಯೂ ಕೂಡಿಬರುವುದಿಲ್ಲ. ಗುಂಪು ಕಿರಿದಾದಂತೆ ರೂಪಗಳು ಆಕಸ್ಮಿಕವಾಗಿ ಕಳೆದುಹೋಗುತ್ತವೆ, ಉಳಿದವರೆಲ್ಲ ಸಗೋತ್ರರಾಗುತ್ತಾರೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಉಳಿದಿದ್ದ ಲೇಕ್‌ಸೈಡ್ ಡೇಸಿಯ ಕೊನೆಯ ಗುಂಪು 15 ವರ್ಷಗಳಿಗೂ ಹೆಚ್ಚು ಕಾಲ ಬೀಜ ಕಟ್ಟದೆ ನಿಂತದ್ದು ಹೀಗೆಯೇ. ಓಹಾಯೋ ಗಿಡಗಳ ಪರಾಗ ಕೊಟ್ಟಾಗ ಬೀಜ ಬಂತು. ಅಲ್ಲಿ ಗಿಡಗಳು ಒಂದಕ್ಕಿಂತ ಹೆಚ್ಚೇ ಇದ್ದವು, ಗೋತ್ರ ಮಾತ್ರ ಒಂದಾಗಿತ್ತು. ಆದ್ದರಿಂದ ನಿಮ್ಮ ದಾಖಲೆಯಲ್ಲಿ ಆರು ತಾಯಿಗಳಿದ್ದರೂ ನಿಶ್ಚಿಂತರಾಗಬೇಡಿ. ಆರಕ್ಕೆ ಆರನ್ನೂ ಪರಸ್ಪರ ಕೂಡಿಸಿ, ಚೌಕಗಳ ಹಾಳೆಯಲ್ಲಿ ಯಾವ ಜೋಡಿಗೆ ಕಾಯಿ ಬಂತು, ಯಾವುದಕ್ಕಿಲ್ಲ ಎಂದು ಗುರುತು ಹಾಕುತ್ತ ಹೋದರೆ ಗೋತ್ರಗಳು ತಾವಾಗಿ ಬೇರೆ ಬೇರೆಯಾಗಿ ಕಾಣುತ್ತವೆ.

ಎಕ್ಕದ ಬಳಗದಲ್ಲಿ ಇನ್ನೊಂದು ಮೋಸವಿದೆ. ಆಸ್ಕ್ಲೀಪಿಯಸ್ ಕುಲದಲ್ಲಿ ಚೆನ್ನಾಗಿ ತಿಳಿದಿರುವಂತೆ, ಸ್ವಂತ ಪರಾಗದ ನಾಳಗಳು ಅಂಡಕದವರೆಗೂ ಸಲೀಸಾಗಿ ತಲುಪುತ್ತವೆ, ತಿರಸ್ಕಾರ ನಡೆಯುವುದು ಆನಂತರ. ಶಲಾಕೆಯಲ್ಲಿ ನಾಳ ಕಂಡಿತೆಂದು ಜೋಡಿ ಹೊಂದಿತೆಂದು ತಿಳಿಯಬಾರದು. ಕಾಯಿ ಬಲಿಯುವವರೆಗೂ ಕಾಯಬೇಕು.

ಕಾಯಿ ಬಂದೂ ಸಸಿ ನಿಲ್ಲದಿದ್ದರೆ

ಸ್ವಂತ ಪರಾಗವನ್ನು ಒಪ್ಪುವ ಜಾತಿಗಳಲ್ಲಿ ದೋಷ ತಡವಾಗಿ ತಲೆಯೆತ್ತುತ್ತದೆ. ಡಾರ್ವಿನ್ 1876ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೇ ಸ್ವಕೀಯ ಸಂತಾನ ಎತ್ತರದಲ್ಲೂ ಬೀಜದಲ್ಲೂ ಹಿಂದೆ ಬೀಳುವುದು ಅನೇಕ ಜಾತಿಗಳಲ್ಲಿ ಕಂಡಿತ್ತು. ರಕ್ತಸಂಬಂಧ ಎಷ್ಟು ಹತ್ತಿರದ್ದು ಎಂದು ಅಳೆಯುವ ಅಂತಃಪ್ರಜನನ ಗುಣಾಂಕ ಸ್ವಕೀಯದ ಮೊದಲ ತಲೆಮಾರಿನಲ್ಲಿ 0.5, ಒಡಹುಟ್ಟಿದವರ ಸಂತಾನದ್ದು 0.25, ಒಂದೇ ತಾಯಿ ಬೇರೆ ತಂದೆಯವರದು 0.125. ಯಾರೂ ತಪ್ಪು ಮಾಡದಿದ್ದರೂ ಸಣ್ಣ ಗುಂಪಿನಲ್ಲಿ ವೈವಿಧ್ಯ ಸೋರುತ್ತಲೇ ಇರುತ್ತದೆ: ಪರಿಣಾಮಕಾರಿ ಸಂಖ್ಯೆ 10 ಇದ್ದರೆ ಪ್ರತಿ ತಲೆಮಾರಿಗೆ ಶೇ. 5ರಷ್ಟು ಹೋಗಿ, ಹತ್ತು ತಲೆಮಾರಿನ ಹೊತ್ತಿಗೆ ಶೇ. 60 ಮಾತ್ರ ಉಳಿಯುತ್ತದೆ. 50 ಇದ್ದರೆ ಶೇ. 90 ಉಳಿಯುತ್ತದೆ. ಪರೀಕ್ಷೆಗಾಗಿ ಸ್ವಕೀಯ ಮತ್ತು ಪರಕೀಯ ಬೀಜಗಳನ್ನು ಒಂದೇ ದಿನ, ಒಂದೇ ಮಣ್ಣಿನಲ್ಲಿ ಬಿತ್ತಿ, ಮೊಳಕೆ, ಮೂರನೆಯ ತಿಂಗಳು, ಮೊದಲ ಹೂ ಎಂಬ ಮೂರು ಹಂತಗಳಲ್ಲೂ ಎಣಿಸಬೇಕು. ಮೊಳಕೆಯಲ್ಲಿ ಸಮನಾಗಿದ್ದು ಹೂವಿನ ಹೊತ್ತಿಗೆ ಅರ್ಧಕ್ಕೆ ಇಳಿಯುವುದುಂಟು. ಮೊಳಕೆಯಷ್ಟನ್ನೇ ನೋಡಿದವರಿಗೆ ಅದು ತಿಳಿಯುವುದಿಲ್ಲ. ನರ್ಸರಿಯ ನೆರಳಿನಲ್ಲಿ ಮುಚ್ಚಿಹೋಗುವ ದೌರ್ಬಲ್ಯ ಬಂಡೆಯ ಬಿಸಿಲಿನಲ್ಲಿ ಬಯಲಾಗುತ್ತದೆ ಎಂಬುದನ್ನೂ ನೆನಪಿಡಿ.

ಪ್ರಯೋಗಾಲಯಕ್ಕೆ ಕಳಿಸುವುದಾದರೆ

ದಾಖಲೆ ಇಲ್ಲದ ತೋಟಗಳಿಗೆ ಡಿಎನ್‌ಎ ಪರೀಕ್ಷೆ ಬೇಕಾಗುತ್ತದೆ. ಎಳೆಯ ಎಲೆಯ ಚೂರನ್ನು ಸಿಲಿಕಾ ಜೆಲ್‌ನಲ್ಲಿ ಒಣಗಿಸಿ ಕಳಿಸಿ, "ವೈವಿಧ್ಯ ಎಷ್ಟಿದೆ" ಎಂದು ಕೇಳುವ ಮೊದಲು "ಬೇರೆ ಬೇರೆ ಗಿಡಗಳು ಎಷ್ಟಿವೆ" ಎಂದು ಕೇಳಿ. ವರದಿಯಲ್ಲಿ ಬರುವ ಎಫ್‌ಐಎಸ್ ಎಂಬ ಸಂಖ್ಯೆ ಧನವಾಗಿದ್ದರೆ ಅಂತಃಪ್ರಜನನ ಎಂದು ಓದುವುದು ರೂಢಿ. ಆದರೆ ಎರಡು ಬೆಟ್ಟಗಳ ಗಿಡಗಳನ್ನು ಬೆರೆಸಿ ಒಂದೇ ಗುಂಪೆಂದು ಲೆಕ್ಕ ಹಾಕಿದರೂ, ಗುರುತುಕಾರಿಯ (ಪರೀಕ್ಷೆಗೆ ಆರಿಸಿಕೊಂಡ ಡಿಎನ್‌ಎ ತುಣುಕಿನ) ಒಂದು ರೂಪ ಯಂತ್ರಕ್ಕೆ ಕಾಣದೆ ಹೋದರೂ ಅದೇ ಸಂಖ್ಯೆ ಬರುತ್ತದೆ. ಕಡ್ಡಿಯಿಂದ ಹೆಚ್ಚಿದ ಗುಂಪಿನಲ್ಲಿ ಅದು ಋಣವಾಗಿ ಬಂದು, ವೈವಿಧ್ಯ ಚೆನ್ನಾಗಿದೆ ಎಂಬ ಭ್ರಮೆ ಹುಟ್ಟಿಸಬಲ್ಲದು. ನಮ್ಮಂಥ ತೋಟವೊಂದಕ್ಕೆ ಅಂಥ ವರದಿ ಬಂದಿದ್ದರೆ ನಾನು ಸಿಹಿ ಹಂಚುತ್ತಿದ್ದೆನೋ ಏನೋ.

ಸರಿಪಡಿಸುವುದು

ಹೊಸ ತಾಯಿಗಳನ್ನು ತರುವುದೇ ಪರಿಹಾರ. ಕಾಡಿನಿಂದ ತರುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬೇರೆ ತೋಟದಿಂದ ತರುವುದಾದರೆ ಮೂಲದ ದಾಖಲೆ ಬೇಕು, ಇಲ್ಲದಿದ್ದರೆ ನಿಮ್ಮದೇ ಗಿಡದ ಕಡ್ಡಿ ಊರು ಸುತ್ತಿ ನಿಮ್ಮ ಮನೆಗೇ ಮರಳಬಹುದು. ಹತ್ತಿರದ ಬೆಟ್ಟದ ಗಿಡವನ್ನು ಮೊದಲು ಪ್ರಯತ್ನಿಸಿ. ಬಹಳ ದೂರದ, ಬೇರೆ ಹವೆಯ ಮೂಲಗಳನ್ನು ಬೆರೆಸಿದಾಗ ಮೊದಲ ತಲೆಮಾರು ಹುಲುಸಾಗಿ ಬಂದು ಎರಡನೆಯದು ಕುಸಿಯುವುದುಂಟು. ಆದ್ದರಿಂದ ಮಿಶ್ರ ಸಸಿಗಳನ್ನು ಎರಡನೆಯ ತಲೆಮಾರು ನೋಡುವವರೆಗೆ ಕೋಟೆಯ ಬಂಡೆಗೆ ಮರಳಿಸಬಾರದು ಎಂಬುದು ನನ್ನ ಹಠ. ಬೀಜಗಳನ್ನು ತಾಯಿವಾರು ಬೇರೆ ಲಕೋಟೆಗಳಲ್ಲಿಟ್ಟು, ಪ್ರತಿ ತಾಯಿಯಿಂದ ಸಮ ಸಂಖ್ಯೆಯ ಸಸಿಗಳನ್ನು ಉಳಿಸಿಕೊಳ್ಳಿ. ಎಲ್ಲರ ಪಾಲು ಸಮವಾದಾಗ ಪರಿಣಾಮಕಾರಿ ಸಂಖ್ಯೆ ಗಿಡಗಳ ಎಣಿಕೆಯ ಸುಮಾರು ಇಮ್ಮಡಿಯಾಗುತ್ತದೆ. ಜಾಗ ಕಡಿಮೆಯಿರುವ ತೋಟಕ್ಕೆ ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ನಮ್ಮ ಐದು ಕಾಯಿಗಳಿಗೆ ಬಲಿಯುವ ಮೊದಲೇ ತೆಳುಬಟ್ಟೆ ಕಟ್ಟಿದೆವು, ಇಲ್ಲದಿದ್ದರೆ ಅವು ಸಿಡಿದು, ಪುಣೆಯ ಮಕ್ಕಳು ಮ್ಹಾತಾರಿ ಎಂದು ಕರೆದು ಊದುವ ನವಿರು ಬೀಜಗಳಾಗಿ ಗೋಡೆಯಾಚೆ ಹಾರಿಹೋಗುತ್ತಿದ್ದವು. ಮಾಲಿ ಕಾಕಾ ಈಗ ಪ್ರತಿ ಕುಂಡಕ್ಕೂ ತಾಯಿಯ ಸಂಖ್ಯೆ ಬರೆದ ತಗಡಿನ ಚೀಟಿ ಸಿಕ್ಕಿಸಿದ್ದಾರೆ. ಹಳೆಯ 42ರಲ್ಲಿ ಆರನ್ನು ಉಳಿಸಿಕೊಂಡು ಉಳಿದ ಜಾಗವನ್ನು ಹೊಸಬರಿಗೆ ಬಿಟ್ಟಿದ್ದೇವೆ. ಒಂದು ಶಂಕೆ ಮಾತ್ರ ಹಾಗೆಯೇ ಇದೆ: ಪುರಂದರ ಮೂಲದ ಆ ಎರಡು ಗಿಡಗಳು ಸಜ್ಜನಗಡದ್ದರೊಂದಿಗೆ ಕಾಯಿ ಕಟ್ಟಿದವು, ತಮ್ಮ ತಮ್ಮೊಳಗೆ ಕಟ್ಟಲಿಲ್ಲ. ಅವೂ ಒಂದೇ ಗಿಡದ ಎರಡು ಕಡ್ಡಿಗಳೋ, ಇಲ್ಲವೇ ಒಂದೇ ಗೋತ್ರದ ಎರಡು ಗಿಡಗಳೋ ಎಂದು ಹೇಳಲು ನಾವು ಮುಟ್ಟಿದ ಹೂಗಳ ಸಂಖ್ಯೆ ಸಾಲದು. ಎಲೆಯ ಚೂರುಗಳು ಸಿಲಿಕಾ ಜೆಲ್ ಡಬ್ಬಿಯಲ್ಲಿವೆ, ಬರುವ ಮಳೆಗಾಲಕ್ಕೆ ಇನ್ನೂ ನಲವತ್ತು ಹೂಗಳಿಗೆ ದಾರ ಕಟ್ಟುವುದಿದೆ.